ನೋಡಿ ಹಾಕಿದ ಸಹಿ

ನಮ್ಮ ಮಾವ, ಅಂದರೆ ನನ್ನ ಹೆಂಡತಿಯ ತಂದೆ, ಯಾವುದನ್ನೂ ಮೊದಲು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಮೊದಲು ಹಿಂಗೈ. ಬೆರಳುಗಳನ್ನು ಒಳಕ್ಕೆ ಮಡಚಿ, ಗೆಣ್ಣಿನ ಮೇಲಿನ ಚರ್ಮವನ್ನಷ್ಟೇ ಒಂದು ಕ್ಷಣ ತಾಗಿಸಿ, ತೆಗೆದು, ಆಮೇಲೆ ಹಿಡಿಯುವುದು. ಚಹಾದ ಕಪ್ಪು, ಬಾಗಿಲಿನ ಚಿಲಕ, ಬಸ್ಸಿನ ಕಂಬಿ, ಜ್ವರ ಬಂದ ಮೊಮ್ಮಗಳ ಹಣೆ, ಎಲ್ಲದಕ್ಕೂ ಅದೇ ಕ್ರಮ. ಹೆಣ್ಣು ನೋಡಲು ನಾನು ಅಕ್ಕಲಕೋಟೆಗೆ ಹೋದ ದಿನ ಅವರ ಕಾಲಿಗೆರಗಿದೆ. ನನ್ನ ತಲೆಯನ್ನೂ ಹಿಂಗೈಯಿಂದಲೇ ತಾಗಿಸಿ ಬಿಟ್ಟರು. ಇವರಿಗೆ ಹುಡುಗ ಮನಸ್ಸಿಗೆ ಬಂದಿಲ್ಲ ಎಂದು ತಿಳಿದು ಮುಖ ಸಣ್ಣದು ಮಾಡಿಕೊಂಡು ಹೊರಗೆ ಬಂದರೆ, ಬಾಗಿಲಲ್ಲಿ ಅತ್ತೆ ನಗುತ್ತ ನಿಂತಿದ್ದರು.

"ತಪ್ಪು ತಿಳ್ಕೋಬ್ಯಾಡ್ರಿ. ಅವರು ದೇವರ ಮೂರ್ತೀನೂ ಹಂಗ ಮುಟ್ಟತಾರ. ಕರೆಂಟ್ ಅದನೋ ಇಲ್ಲೋ ಅಂತ ನೋಡ್ತಾರ."

ಕರೆಂಟು ಹರಿಯುವ ತಂತಿಯನ್ನು ಅಂಗೈಯಿಂದ ಹಿಡಿದರೆ ಬೆರಳು ಬಿಗಿದುಕೊಂಡುಬಿಡುತ್ತವೆ, ಬಿಡಿಸಿಕೊಳ್ಳಲು ಬರುವುದಿಲ್ಲ. ಹಿಂಗೈ ತಾಗಿದರೆ ಕೈ ತಾನೇ ದೂರ ಜಿಗಿಯುತ್ತದೆ. ಇದು ಅವರು ಗಿರಣಿಯಲ್ಲಿ ಕಲಿತದ್ದು. ಇದನ್ನು ಓದಿದವರು ಯಾರೂ ಹೀಗೆ ಮುಟ್ಟಿ ನೋಡಲು ಹೋಗಬೇಡಿ, ಅಂಗಡಿಯಲ್ಲಿ ಟೆಸ್ಟರು ಸಿಗುತ್ತದೆ, ಒಂದು ತಂದು ಮನೆಯಲ್ಲಿಡಿ. ಅವರ ಕಾಲದ ಗಿರಣಿಯಲ್ಲಿ ಟೆಸ್ಟರು ಸಾಹೇಬರ ಕಿಸೆಯಲ್ಲಿರುತ್ತಿತ್ತು, ಕೆಲಸ ಇವರ ಕೈಯಲ್ಲಿರುತ್ತಿತ್ತು.

ಸೊಲ್ಲಾಪುರದ ಒಂದು ಹತ್ತಿ ಗಿರಣಿಯ ವಿದ್ಯುತ್ ಖಾತೆಯಲ್ಲಿ ಅವರು ಹರೆಯದಿಂದ ದುಡಿದವರು. ಗಿರಣಿ ಮುಚ್ಚಿದ ಮೇಲೆ ಅಕ್ಕಲಕೋಟೆಗೆ ಮರಳಿ, ಮನೆಗಳಿಗೆ ಲೈಟು ಹಾಕುವ ಕೆಲಸ ಹಿಡಿದರು. ಲೈಸೆನ್ಸು ಇರಲಿಲ್ಲ. ಅದರ ಪರೀಕ್ಷೆಗೆ ಒಮ್ಮೆ ಹೋಗಿ ಕೂತಿದ್ದರಂತೆ, ಬರೆಯಬೇಕಾದದ್ದು ಮರಾಠಿಯಲ್ಲಿ. ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ಕೈ. ಮರಾಠಿಯನ್ನು ನೀರು ಕುಡಿದಷ್ಟು ಸಲೀಸಾಗಿ ಮಾತಾಡುತ್ತಿದ್ದರು, ಆದರೆ ಬರೆಯಲು ಕೂತರೆ ಬರುತ್ತಿರಲಿಲ್ಲ. ಕಾಗದವನ್ನು ಮಡಚಿಟ್ಟು ಎದ್ದು ಬಂದವರು ಮತ್ತೆ ಆ ಕಡೆ ಸುಳಿಯಲಿಲ್ಲ. ಮೇಲಿನ ಮುಂದಿನ ಹಲ್ಲಿನಲ್ಲಿ ಒಂದು ಕಚ್ಚು ಬಿದ್ದಿತ್ತು, ತಂತಿಯ ಸಿಪ್ಪೆ ಹಲ್ಲಿನಿಂದ ಸುಲಿದು ಸುಲಿದು ಆದದ್ದು. ನಕ್ಕಾಗ ಆ ಕಚ್ಚು ಕಾಣುತ್ತಿತ್ತು. "ನನ್ನ ಲೈಸೆನ್ಸು ಇದ," ಎಂದು ಅದನ್ನೇ ತೋರಿಸುತ್ತಿದ್ದರು.

ನಾನು ಸೊಲ್ಲಾಪುರದಲ್ಲಿ ಟವೆಲ್ ವ್ಯಾಪಾರಿ. ಸೈಕಲ್ಲಿನ ಹಿಂದೆ ಗಂಟು ಕಟ್ಟಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಮಾರುತ್ತಿದ್ದವನು, ಚೌಕಾಶಿ ಮಾಡುತ್ತ ಮಾಡುತ್ತಲೇ ಮನೆ ಕಟ್ಟಿಸುವ ಮಟ್ಟಕ್ಕೆ ಬಂದೆ. ಇಟ್ಟಂಗಿಯಿಂದ ಬಾಗಿಲ ಬಿಜಾಗರಿಯವರೆಗೆ ಒಂದನ್ನೂ ಹೇಳಿದ ಬೆಲೆಗೆ ತಂದಿಲ್ಲ. ಲೈಟಿನ ಕೆಲಸದ ಹೊತ್ತಿಗೆ ಮಾವ ಅಕ್ಕಲಕೋಟೆಯಿಂದ ಚೀಲ ಹೆಗಲಿಗೇರಿಸಿಕೊಂಡು ಬಂದಿಳಿದರು.

"ಮಗಳ ಮನಿ ಲೈಟು ನಾ ಹಾಕೂದು. ಮುಯ್ಯ ಅಂತ ತಿಳೀರಿ. ಇದರಾಗ ಮಾತ್ರ ನಿಮ್ಮ ಚೌಕಾಶಿ ಬ್ಯಾಡ ಅಳ್ಯಾರ."

ಅಷ್ಟು ಹೇಳಿದರೂ ನಾನು ಬಿಡಬೇಕಲ್ಲ. ಪೇಟೆಯಲ್ಲಿ ಒಬ್ಬನನ್ನು ಹಿಡಿದು, ಮಾತಿನಲ್ಲಿ ದಣಿಸಿ, ಒಳ್ಳೆ ಬೆಲೆಗೆ ತಂತಿಯ ಸುರುಳಿ ತಂದೆ. ಮಾವ ಅದರ ತುದಿಯನ್ನು ಹಲ್ಲಿಗೆ ಕೊಟ್ಟು ಸುಲಿದರು, ಬಿಸಿಲಿಗೆ ಹಿಡಿದು ನೋಡಿದರು, ಉಗುಳಿದರು.

"ಇದು ತಾಮ್ರ ಅಲ್ಲ. ತಾಮ್ರದ ಬಣ್ಣ."

ಸುರುಳಿ ಹೊತ್ತುಕೊಂಡು ವಾಪಸು ಹೋದೆ. ಅಂಗಡಿಯವನು ನನ್ನ ಮುಖ ನೋಡಿ ಒಳಗಿನಿಂದ ಬೇರೆ ಸುರುಳಿ ತಂದಿಟ್ಟ. ಅಂದಿನಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ, ನೀವೂ ಮಾಡಿಕೊಳ್ಳಿ: ಗೋಡೆಯ ಹೊರಗೆ ಕಾಣುವ ವಸ್ತುವಿಗೆ ಬೇಕಾದಷ್ಟು ಚೌಕಾಶಿ ಮಾಡಿ, ಗೋಡೆಯೊಳಗೆ ಹೋಗುವ ವಸ್ತುವಿಗೆ ಮಾಡಬೇಡಿ.

ಮನೆ ಬೆಳಗಿತು, ವರ್ಷಗಳು ಹೋದವು, ಮಗಳು ದೊಡ್ಡವಳಾದಳು, ಅತ್ತೆ ತೀರಿಕೊಂಡರು, ಆಮೇಲೆ ಮಗಳ ಮದುವೆಯೂ ಆಯಿತು. ಈ ನಡುವೆ ಒಂದು ಬಲ್ಬಿನ ಹೋಲ್ಡರು ಬಿಟ್ಟರೆ ಮಾವ ಹಾಕಿದ್ದನ್ನು ನಾವು ಯಾರೂ ಬಿಚ್ಚಿ ನೋಡಿರಲಿಲ್ಲ.

ಬಿಚ್ಚಬೇಕಾಗಿ ಬಂದದ್ದು ಹೋದ ವರ್ಷ, ಮೇಲಿನ ಮಹಡಿಯಲ್ಲಿ ಟವೆಲ್ಲಿಗೆ ಅಂಚು ಹೊಲಿಯುವ ಯಂತ್ರಗಳನ್ನು ಕೂಡಿಸಬೇಕೆಂದಾಗ. ಅದಕ್ಕೆ ಹೆಚ್ಚು ಲೋಡು ಬೇಕು, ಬೇರೆ ಮೀಟರು ಬೇಕು. ಲೈಟಿನ ಆಫೀಸಿನವರು ಟೆಸ್ಟ್ ರಿಪೋರ್ಟು ತನ್ನಿ ಎಂದರು. ಮನೆಯ ವೈರಿಂಗು ಸರಿಯಾಗಿದೆ ಎಂದು ಲೈಸೆನ್ಸು ಇದ್ದ ಗುತ್ತಿಗೆದಾರ ಸಹಿ ಹಾಕಿದ ಕಾಗದ ಅದು. ನಮ್ಮ ಮನೆಗೆ ಅಂಥದ್ದು ಇರಲೇ ಇಲ್ಲ. ಕಟ್ಟಿದಾಗ ಯಾರೋ ಯಾರನ್ನೋ ಕಂಡು ಮೀಟರು ಕೂಡಿಸಿಕೊಂಡಿದ್ದೆವು. ನಮ್ಮ ಓಣಿಯಲ್ಲಿ ಎಲ್ಲರದೂ ಹಾಗೆಯೇ.

ಒಬ್ಬ ಗುತ್ತಿಗೆದಾರ ಸಿಕ್ಕ. ಮನೆಗೆ ಬರುವ ತೊಂದರೆಯೇ ಬೇಡ, ಕಾಗದ ತಂದುಕೊಡಿ, ಕೂತಲ್ಲೇ ಸಹಿ ಮಾಡುತ್ತೇನೆ ಎಂದ. ದರವೂ ಸಸ್ತಾ. ಖುಷಿಯಲ್ಲಿ ಮಾವನಿಗೆ ಫೋನು ಮಾಡಿದೆ.

"ಮಾಮಾ, ಕೆಲಸ ಆತು ನೋಡ್ರಿ. ಅವಾ ಮನಿಗಿ ಬರೂದೂ ಇಲ್ಲಂತ."

"ಮನಿ ನೋಡಂಗಿಲ್ಲ?"

"ನೋಡೂದ ಯಾಕ್ರಿ, ನೀವು ಹಾಕಿದ್ದು ಅಂದ ಮ್ಯಾಲ?"

ಫೋನು ಕಟ್ಟಾಯಿತೇನೋ ಎಂದು ನಾನು ಹಲೋ ಹಲೋ ಎನ್ನುತ್ತಿದ್ದೆ.

"ಅಳ್ಯಾರ, ಗಿರಣ್ಯಾಗ ನಾ ಮಾಡಿದ ಕೆಲಸಕ್ಕ ಸಾಹೇಬ ನೋಡದ ಸೈ ಮಾಡ್ತಿದ್ದ. ಚಲೋ ಇದ್ರೂ ಸೈ, ಕೆಟ್ಟಿದ್ರೂ ಸೈ. ಊರಾಗಿನ ಮನಿಗೋಳಿಗೂ ಅಷ್ಟ. ಇಷ್ಟು ವರ್ಷ ಮಾಡಿದ್ದು ಬರೋಬರಿ ಅದನೋ ಇಲ್ಲೋ ಅಂತ ನನಗ ಯಾರೂ ಹೇಳಿಲ್ಲ. ಮಗಳ ಮನಿದಾರ ಯಾರಾರ ನೋಡ್ಲಿ. ನೋಡಿ ಸೈ ಹಾಕೋರನ್ನ ಹುಡುಕ್ರಿ."

ನೋಡಿ ಸಹಿ ಹಾಕುವವರನ್ನು ಹುಡುಕುವುದೇ ಕಷ್ಟವಾಯಿತು. ಕೊನೆಗೆ ಸಿಕ್ಕವಳು ಒಬ್ಬ ಹೆಣ್ಣುಮಗಳು. ಡಿಪ್ಲೊಮಾ ಓದಿ ಲೈಸೆನ್ಸು ಪಡೆದವಳು, ಊರ ಹೊರಗಿನ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳ ಕೆಲಸ ಹಿಡಿಯುತ್ತಿದ್ದಳು, ಮನೆಗಳಿಗೆ ಬರುತ್ತಿದ್ದುದು ಭಾನುವಾರ ಮಾತ್ರ. ದರ ಕೇಳಿ ನಾನು ನನ್ನ ಎಂದಿನ ವರಸೆ ತೆಗೆದೆ. ಸಣ್ಣ ಮನೆ, ಹಳೆ ಪರಿಚಯ, ಮುಂದೆ ಹತ್ತು ಗಿರಾಕಿ ಕಳಿಸುತ್ತೇನೆ, ಇತ್ಯಾದಿ. ಅವಳು ಪೂರಾ ಕೇಳಿದಳು.

"ಕಮ್ಮಿ ಮಾಡ್ತೀನ್ರಿ. ಕಮ್ಮಿ ಮಾಡಿದ್ರ ಕಮ್ಮಿ ನೋಡಬೇಕಾಗ್ತದ. ಯಾವ ಖೋಲಿ ಬಿಡ್ಲಿ ಹೇಳ್ರಿ."

ನಾನು ಸೋತ ಚೌಕಾಶಿಗಳನ್ನು ಬೆರಳೆಣಿಸಬಹುದು. ಅದರಲ್ಲಿ ಇದೊಂದು.

ಆ ಭಾನುವಾರ ಮಾವ ಮೊದಲ ಬಸ್ಸಿಗೇ ಬಂದರು. ಮೊಮ್ಮಗಳ ಮದುವೆಗೆ ಹೊಲಿಸಿದ ಅಂಗಿ, ಇಸ್ತ್ರಿ ಮಾಡಿದ ಬಿಳಿ ಟೋಪಿ, ಮುಖಕ್ಕೆ ನುಣ್ಣನೆ ಕ್ಷೌರ. ಅಂಗಳದಲ್ಲಿ ಕುರ್ಚಿಯನ್ನು ಗೇಟಿನ ಕಡೆ ತಿರುಗಿಸಿಕೊಂಡು, ಮನೆಗೆ ಬೆನ್ನು ಹಾಕಿ ಕೂತರು. ಸೊಲ್ಲಾಪುರದ ಬೇಸಿಗೆ, ಬೆಳಗಿನ ಬಿಸಿಲೇ ಕಣ್ಣು ಕುಕ್ಕುತ್ತಿತ್ತು. ಒಳಗೆ ಫ್ಯಾನಿನ ಕೆಳಗೆ ಬನ್ನಿ ಎಂದರೆ ಕೇಳಲಿಲ್ಲ.

"ಪರೀಕ್ಷಾ ನಡದಾಗ ಒಳಗ ಹೋಗಬಾರದು."

"ಪರೀಕ್ಷಾ ಮನೀದ್ರಿ ಮಾಮಾ, ನಿಮ್ಮದಲ್ಲ."

"ನಿಮಗ ತಿಳ್ಯಂಗಿಲ್ಲ, ಸುಮ್ಕಿರ್ರಿ."

ಮ್ಯಾಡಂ ಬಂದಳು. ಮೇನ್ ಸ್ವಿಚ್ಚು ಇಳಿಸಿ, ಬಲ್ಬು ತೆಗೆಸಿ, ಒಂದೊಂದೇ ಬೋರ್ಡು ಬಿಚ್ಚುತ್ತ ಹೋದಳು. ಹೆಗಲಿಗೆ ಹಾಕಿಕೊಳ್ಳುವ ಪೆಟ್ಟಿಗೆಯಂಥ ಒಂದು ಯಂತ್ರವಿತ್ತು. ಅದರ ಮುಳ್ಳುಗಳನ್ನು ತಂತಿಗೆ ಹಚ್ಚಿ ಗುಂಡಿ ಒತ್ತುವುದು, ಅಂಕಿ ನೋಡುವುದು, ಬರೆದುಕೊಳ್ಳುವುದು. ಮುಖದಲ್ಲಿ ಏನೂ ತೋರಿಸದವಳು. ನನ್ನ ಹೆಂಡತಿ ಒಳಗೂ ಹೊರಗೂ ತಿರುಗುತ್ತಿದ್ದಳು. ಹೊರಗೆ ಬಂದಾಗೊಮ್ಮೆ ಮಾವ ತಿರುಗಿ ನೋಡದೆ ಕೇಳುವರು:

"ಏನಂತಾಳ?"

"ಏನೂ ಅಂದಿಲ್ಲಪ್ಪಾ."

"ಹೂಂ ಅಂತಾಳೋ, ಊಹೂಂ ಅಂತಾಳೋ?"

"ಎರಡೂ ಇಲ್ಲ. ಚಾ ಕುಡಿ, ಆರಾಕತ್ತದ."

ನಡುಮನೆಯ ದೊಡ್ಡ ಬೋರ್ಡು ಬಿಚ್ಚಿದಾಗ ಮ್ಯಾಡಂ ಒಂದು ಗಳಿಗೆ ನಿಂತಳು. ಪ್ರತಿ ಬೋರ್ಡಿನ ಹಿಂದೆಯೂ ಒಂದು ಗೇಣು ತಂತಿ ಹೆಚ್ಚಿಗೆ ಬಿಟ್ಟು, ಅಂದವಾಗಿ ಸುತ್ತಿಡಲಾಗಿತ್ತು. ಅಂಗಳಕ್ಕೆ ಬಂದು ಮಾವನ ಕುರ್ಚಿಯ ಬಳಿ ನಿಂತಳು.

"ಕಾಕಾ, ಎಲ್ಲಾ ಬೋರ್ಡಿನ್ಯಾಗ ಇಷ್ಟು ತಂತಿ ಯಾಕ ಬಿಟ್ಟೀರಿ? ತಂತಿ ತುಟ್ಟಿ ಅಲ್ಲೇನು?"

"ಮುಂದ ಯಾರಾರ ಬಿಚ್ಚೋರು ಬರ್ತಾರಲ್ಲವ್ವ. ಗಿಡ್ಡ ಕತ್ತರಿಸಿದ್ರ ಅವರ ಕೈಗಿ ಸಿಗಂಗಿಲ್ಲ, ಬೈತಾರ."

"ನಾ ಬೈಲಿಲ್ಲ ನೋಡ್ರಿ," ಎಂದು ಒಳಗೆ ಹೋದಳು. ಮಾವ ಚಹಾದ ಕಪ್ಪನ್ನು ಹಿಂಗೈಯಿಂದ ತಾಗಿಸಿ ನೋಡಿ, ತಣ್ಣಗಾದದ್ದನ್ನೇ ಎತ್ತಿ ಒಂದೇ ಗುಟುಕಿಗೆ ಕುಡಿದರು. ಹಲ್ಲಿನ ಕಚ್ಚು ಕಂಡಿತು.

ಹಿತ್ತಲ ಬದಿಯ ಬಚ್ಚಲಿನ ಹತ್ತಿರ ಬಂದಾಗ ಎಲ್ಲ ಕೆಟ್ಟಿತು. ಬಟ್ಟೆ ಒಗೆಯುವ ಮಶೀನಿನ ಮುಂದೆ ಒಂದು ಮರದ ಮಣೆ ಬಿದ್ದಿತ್ತು. ಕೂತು ಊಟ ಮಾಡುವ ಮಣೆ.

"ಇದ್ಯಾಕ ಇಲ್ಲಿ ಅಕ್ಕಾ?" ಎಂದು ಮ್ಯಾಡಂ ಕೇಳಿದಳು.

ನನ್ನ ಹೆಂಡತಿ ಅಂಗಳದ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು. "ಮಶೀನ್ ಮುಟ್ಟಿದ್ರ ಕೈ ಜುಮ್ ಅಂತದ. ಮಣಿ ಮ್ಯಾಲ ನಿಂತ್ರ ಏನೂ ಅನಸಂಗಿಲ್ಲ."

ತಗ್ಗಿಸಿದ ದನಿಯೇ ಕಿವಿಗೆ ಬೇಗ ಬೀಳುತ್ತದೆ. ಮಾವ ಕುರ್ಚಿಯಿಂದ ಎದ್ದು, ಪರೀಕ್ಷೆ ನಡೆದಾಗ ಬರಬಾರದೆಂದ ಮನೆಯೊಳಗೆ ನೇರ ನಡೆದು ಬಂದರು. ಮಣೆ ನೋಡಿದರು. ಮಶೀನಿನ ಮೈಗೆ ಹಿಂಗೈ ತಾಗಿಸಿದರು. ಕರೆಂಟು ಆರಿಸಿದ್ದರಿಂದ ಏನೂ ಇರಲಿಲ್ಲ. ಆದರೂ ಕೈ ತೆಗೆಯಲಿಲ್ಲ.

"ಎಂದಿನಿಂದ?"

"ಹ್ವಾದ ಬ್ಯಾಸಗಿಯಿಂದ."

"ನನಗ್ಯಾಕ ಹೇಳಲಿಲ್ಲ?"

"ನೀ ಹಾಕಿದ್ದು ಕೆಟ್ಟದ ಅಂತ ನಾ ಹೆಂಗ ಹೇಳ್ಲೆಪ್ಪಾ?"

ನನಗೂ ಆ ಜುಮ್ ವಿಷಯ ಗೊತ್ತಿತ್ತು, ಒದ್ದೆ ಕೈಯಿಂದ ಮುಟ್ಟಬೇಡ ಎಂದು ಅವಳಿಗೆ ಬುದ್ಧಿ ಹೇಳಿ ಮುಗಿಸಿದ್ದೆ. ನಿಮ್ಮ ಮನೆಯಲ್ಲಿ ಫ್ರಿಜ್ಜೋ ಮಶೀನೋ ಗೀಜರೋ ಹಾಗೆ ಕಚ್ಚಿದರೆ ಮಣೆ ಹಾಕಬೇಡಿ, ಚಪ್ಪಲಿ ಹಾಕಬೇಡಿ, ಅದನ್ನು ಮುಟ್ಟುವುದು ನಿಲ್ಲಿಸಿ ಬಲ್ಲವರನ್ನು ಕರೆಸಿ. ಅದು ಮನೆ ನಿಮಗೆ ಕೊಡುವ ಸೂಚನೆ.

ಮ್ಯಾಡಂ ಕಬ್ಬಿಣದ ಗೂಟಗಳನ್ನು ಹೊರಗಿನ ಖಾಲಿ ಜಾಗದ ಮಣ್ಣಿಗೆ ಬಡಿದು, ಅಲ್ಲಿಂದ ತಂತಿ ಎಳೆದು ತಂದು ಅರ್ಥಿಂಗು ಅಳೆದಳು. ಅರ್ಥಿಂಗು ಎಂದರೆ ಮನೆಯ ಎಲ್ಲ ಯಂತ್ರಗಳಿಂದ ನೆಲದೊಳಗೆ ಹೂತ ಲೋಹದ ತಗಡಿಗೆ ಹೋಗುವ ತಂತಿ. ಎಲ್ಲಾದರೂ ಕರೆಂಟು ತಪ್ಪಿ ಹೊರಬಿದ್ದರೆ ಅದು ಮನುಷ್ಯನ ಮೈಯಿಂದಲ್ಲ, ಈ ತಂತಿಯಿಂದ ಮಣ್ಣಿಗಿಳಿಯಬೇಕು. ಅಳೆದು ಮುಗಿಸಿ ಅವಳು ಮಾವನ ಕಡೆ ನೋಡದೆ ನನಗೆ ಹೇಳಿದಳು.

"ಮಶೀನಿನ ಒಳಗಿನ ದೋಷ ಮೆಕ್ಯಾನಿಕ್ ನೋಡ್ತಾನ. ಆದ್ರ ಈ ಮನಿಗಿ ಅರ್ಥಿಂಗ್ ಇಲ್ಲಂತ ತಿಳೀರಿ. ವೈರಿಂಗ್ ಎಲ್ಲಾ ಚಲೋ ಅದ, ಇದೊಂದು ಇಲ್ಲ."

"ಹಾಕೀನಿ," ಎಂದರು ಮಾವ. "ನಾ ಹಾಕೀನವ್ವ."

"ಎಲ್ಲಿ ಕಾಕಾ? ತಗಡು ಎಲ್ಲಿ ಹುಗದೀರಿ?"

ಮಾವ ಮೀಟರಿನ ಕಡೆ ಕೈ ಮಾಡಿ ತೋರಿಸಿದರು. ಮೀಟರಿನ ಬೋರ್ಡಿನಿಂದ ದಪ್ಪ ತಂತಿಯೊಂದು ಗೋಡೆ ಹಿಡಿದು ಇಳಿದು ಅಂಗಳದ ಹಾಸುಗಲ್ಲಿನ ಫರಸಿಯ ಕೆಳಗೆ ಮಾಯವಾಗಿತ್ತು. ಅಲ್ಲಿಂದ ಮುಂದೆ ಎಲ್ಲಿಗೆ ಎಂಬುದು ಅವರಿಗೆ ನೆನಪಾಗಲೊಲ್ಲದು.

ನಾನು ವ್ಯಾಪಾರಿ, ನನ್ನ ಬಾಯಿ ತಡೆಯದು. "ಮ್ಯಾಡಂ, ಇವತ್ತ ಸೈ ಹಾಕಿಬಿಡ್ರಿ. ಈ ವಾರದಾಗ ದುರಸ್ತಿ ಮಾಡಸ್ತೀನಿ, ನನ್ನ ಮಾತು."

ಅವಳು ಉತ್ತರ ಕೊಡುವ ಮೊದಲೇ ಮಾವ ಹೇಳಿದರು, "ಸೈ ಮಾಡಬ್ಯಾಡವ್ವ."

"ಮಾಡಂಗಿಲ್ಲ ಕಾಕಾ," ಎಂದಳು ಅವಳು. ತಗಡು ಸಿಕ್ಕರೆ ಫೋನು ಮಾಡಿ, ಮುಂದಿನ ಭಾನುವಾರ ಬರುತ್ತೇನೆ, ಅಲ್ಲಿಯವರೆಗೆ ಮಶೀನು ಹಚ್ಚಬೇಡಿ ಎಂದು ಹೇಳಿ ಹೋದಳು.

ಮಧ್ಯಾಹ್ನವೆಲ್ಲ ಮಾವ ಅಂಗಳ ಸುತ್ತಿದರು. ಗೋಡೆ ಬುಡ, ನಳದ ಬುಡ, ಗೇಟಿನ ಕಂಬದ ಬುಡ. ಊಟ ಬೇಡ ಎಂದರು. ಇಷ್ಟು ಮನೆಗಳಿಗೆ ಹಾಕಿದವರಿಗೆ ಒಂದು ಮನೆಯದು ನೆನಪಿರದಿದ್ದರೆ ಏನಾಯಿತು ಎಂದು ನಾನು ಸಮಾಧಾನ ಹೇಳಿದೆ. ಆ ಮಾತು ಅವರಿಗೆ ಇನ್ನಷ್ಟು ಚುಚ್ಚಿತೆಂದು ಕಾಣುತ್ತದೆ. "ಇದು ಒಂದು ಮನಿ ಅಲ್ರಿ, ನನ್ನ ಮಗಳ ಮನಿ," ಎಂದರು.

ಹೊತ್ತು ಇಳಿದಾಗ ನನ್ನ ಹೆಂಡತಿ ನೀರು ತುಂಬಿದ ತಂಬಿಗೆ ಹಿಡಿದು ಮೆಟ್ಟಿಲ ಕಡೆ ಹೊರಟಳು.

"ತಂಬಗಿ ಹಿಡ್ಕೊಂಡು ಎಲ್ಲಿಗವ್ವ?"

"ತುಳಸಿಗಿ. ಮುಂಜಾನಿ ಗಡಿಬಿಡ್ಯಾಗ ನೀರು ಹಾಕೂದ ಬಿಟ್ಟಿದ್ದೆ."

"ತುಳಸಿ ಮ್ಯಾಲ ಅದ?"

"ಮಾಳಗಿ ಮ್ಯಾಲ ಕುಂಡ್ಯಾಗ ಅದಲ್ಲಪ್ಪಾ. ನಿನ್ನ ಮೊಮ್ಮಗಳ ಮದುವ್ಯಾಗ ಪೆಂಡಾಲಕ್ಕ ಅಡ್ಡ ಆಗ್ತದಂತ ಅಂಗಳದಾಗಿನ ಕಟ್ಟಿ ಒಡದು ಫರಸಿ ಹಾಕಿಸಿದ್ವಿ. ನೀನ ಮುಂದ ನಿಂತು ತಗಿಸಿದಿ, ನೆಪ್ಪಿಲ್ಲೇನು?"

ಮಾವ ಕೂತುಬಿಟ್ಟರು. ಕುರ್ಚಿ ಇರಲಿಲ್ಲ, ಫರಸಿಯ ಮೇಲೆಯೇ. ಮಗಳನ್ನು ಹತ್ತಿರ ಕೂಡಿಸಿಕೊಂಡು ಹೇಳಿದರು.

ಅರ್ಥಿಂಗಿನ ಗುಂಡಿಗೆ ಇದ್ದಲಿ, ಉಪ್ಪು ತುಂಬಿ ತಗಡು ಹೂಳುತ್ತಾರೆ. ಅದು ಸದಾ ತೇವವಾಗಿರಬೇಕು, ಒಣಗಿದರೆ ಸತ್ತಂತೆಯೇ. ನಮ್ಮ ಕಡೆಯ ಬಿಸಿಲಿಗೆ ಗುಂಡಿ ಒಣಗದೆ ಇರುತ್ತದೆಯೇ. ನೀರು ಹಾಕಿ ಎಂದು ಹೇಳಿದರೆ ಜನ ನಾಲ್ಕು ದಿನ ಹಾಕಿ ಮರೆಯುತ್ತಾರೆ. ಇದನ್ನು ಅವರು ಒಮ್ಮೆ ಅತ್ತೆಯ ಮುಂದೆ ಹೇಳಿಕೊಂಡಾಗ, ರೊಟ್ಟಿ ಬಡಿಯುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದ್ದರಂತೆ: "ತುಳಸಿ ಬುಡಕ ಹುಗೀರಿ. ಹೆಣ್ಣುಮಕ್ಕಳು ಇದ್ದ ಮನ್ಯಾಗ ತುಳಸಿಗಿ ನೀರು ತಪ್ಪಂಗಿಲ್ಲ." ಅಂದಿನಿಂದ ಅವರು ಲೈಟು ಹಾಕಿದ ಮನೆಗಳಲ್ಲೆಲ್ಲ ಅರ್ಥಿಂಗು ತುಳಸಿ ಕಟ್ಟೆಯ ಬುಡದಲ್ಲಿ. ಹೆಂಗಸರು ಬೆಳಿಗ್ಗೆ ದೇವರಿಗೆಂದು ಸುರಿದ ನೀರು ಅವರ ಮನೆಯನ್ನೇ ಕಾಯುತ್ತಿತ್ತು. ಯಾರಿಗೂ ಹೇಳಿರಲಿಲ್ಲ, ಹೇಳಿದರೆ ದೇವರ ಗಿಡದ ಬುಡ ಅಗೆದೆ ಎಂದು ಬೈದಾರೆಂಬ ಅಂಜಿಕೆ.

"ನಿಮ್ಮವ್ವ ಇದ್ದಿದ್ರ ಕಟ್ಟಿ ಒಡ್ಯಾಕ ಬಿಡ್ತಿರ್ಲಿಲ್ಲ," ಎಂದರು. "ಅಕಿಗಿ ನೆಪ್ಪಿತ್ತು. ನಾ ಮರತೆ. ನನ್ನ ಮಗಳು ಮಣಿ ಮ್ಯಾಲ ನಿಂತು ಅರಬಿ ಒಗದಳು."

ಆ ಫರಸಿ ನಾನು ರಾಜಸ್ಥಾನದ ವ್ಯಾಪಾರಿಯೊಡನೆ ಮೂರು ಸಂಜೆ ಗುದ್ದಾಡಿ ತಂದದ್ದು. ಮಾವ ನನ್ನ ಮುಖ ನೋಡಿದರು, ಕೇಳಲು ನಾಚಿಕೆ ಅವರಿಗೆ. ನಾನೇ ಹಾರೆ ತಂದು ಮೊದಲ ಏಟು ಹಾಕಿದೆ.

ಕೆಳಗೆ ಇದ್ದಲಿ ಬೂದಿಯಷ್ಟು ಒಣಗಿತ್ತು. ತಂತಿ ತಗಡಿಗೆ ಸೇರುವ ಕಡೆ ತುಕ್ಕು ತಿಂದು ಕೈಗೆ ಉದುರಿತು. ಹೊಸ ತಗಡು ತಂದೆವು, ಮಾವ ಹೇಳಿದ ಅಂಗಡಿಯಿಂದ, ಹೇಳಿದ ಬೆಲೆಗೆ. ಆ ವಾರ ಅವರು ಅಕ್ಕಲಕೋಟೆಗೆ ಹೋಗಲೇ ಇಲ್ಲ. ಹೊಸ ಗುಂಡಿ, ಹೊಸ ಇದ್ದಲಿ, ಉಪ್ಪು, ನೀರು ನೇರ ಕೆಳಗಿಳಿಯಲು ಒಂದು ಕೊಳವೆ, ಅದರ ಮೇಲೆ ಕಟ್ಟೆ, ಕಟ್ಟೆಯ ಮೇಲೆ ಮಾಳಿಗೆಯಿಂದ ಇಳಿಸಿದ ತುಳಸಿ. ಮಶೀನಿನ ದೋಷವನ್ನು ಮೆಕ್ಯಾನಿಕ್ ಸರಿಪಡಿಸಿದ. ಮ್ಯಾಡಂ ಹೇಳಿದ್ದ, ಕರೆಂಟು ಎಲ್ಲಿ ಸೋರಿದರೂ ತಾನೇ ಕಡಿದುಹಾಕುವ ಹೊಸ ಸ್ವಿಚ್ಚೊಂದು ಮೀಟರಿನ ಪಕ್ಕ ಬಂದು ಕೂತಿತು.

ಭಾನುವಾರ ಮ್ಯಾಡಂ ಮತ್ತೆ ಗೂಟ ಬಡಿದಳು, ತಂತಿ ಎಳೆದಳು. ಯಂತ್ರವನ್ನು ತೆಗೆದುಕೊಂಡು ಹೋಗಿ ಮಾವನ ತೊಡೆಯ ಮೇಲಿಟ್ಟಳು.

"ಕಾಕಾ, ಗುಂಡಿ ನೀವ ಒತ್ರಿ."

ಮಾವ ಯಂತ್ರಕ್ಕೆ ಹಿಂಗೈ ತಾಗಿಸಿ, ಆಮೇಲೆ ಹೆಬ್ಬೆರಳಿನಿಂದ ಒತ್ತಿದರು. ಕನ್ನಡಕ ಒಳಗಿತ್ತು. ಅಂಕಿ ಕಾಣದೆ ಅವಳ ಮುಖವನ್ನೇ ನೋಡುತ್ತ ಕೂತರು.

"ಏನ್ ಬಂತು?"

"ಬರೋಬರಿ ಬಂತು ಕಾಕಾ. ಕಾರ್ಖಾನ್ಯಾಗೂ ಇಷ್ಟು ಚಲೋ ಬರಂಗಿಲ್ಲ."

ಅಲ್ಲೇ ಕಟ್ಟೆಯ ಮೇಲೆ ಕಾಗದ ಇಟ್ಟು ಸಹಿ ಹಾಕಿದಳು, ಮೊಹರು ಒತ್ತಿದಳು. ಆಮೇಲೆ ಸ್ವಲ್ಪ ಸಂಕೋಚದಿಂದ, "ಕಾಕಾ, ಕಾಗದದಾಗ ನಿಮ್ಮ ಹೆಸರು ಬರ್ಯಾಕ ಬರಂಗಿಲ್ಲ. ಲೈಸೆನ್ಸ್ ನಂದು, ಜವಾಬ್ದಾರೀನೂ ನಂದ," ಎಂದಳು.

"ಹೆಸರು ಬ್ಯಾಡ ಬಿಡವ್ವ. ನೋಡಿದಿ ಅಲ್ಲ. ಅಷ್ಟ ಸಾಕು."

ನಾನು ಅಂದುಕೊಂಡದ್ದು, ಕಥೆ ಅಲ್ಲಿಗೆ ಮುಗಿಯಿತು ಎಂದು. ಮೀಟರು ಬಂತು, ಯಂತ್ರಗಳು ಕೂತವು. ಒಂದು ದಿನ ಮಾವನ ಫೋನು.

"ಅಳ್ಯಾರ, ನಿಮ್ಮ ಮನಿ ನೆಟ್ಟಗಾತು. ಉಳಿದ ಮನಿ?"

ಆಗ ನನಗೆ ತಿಳಿಯಿತು, ಅವರು ಅಂದಿನಿಂದ ಸರಿಯಾಗಿ ಮಲಗಿಲ್ಲ. ಈಗ ಎಲ್ಲರೂ ಅಂಗಳಕ್ಕೆ ಫರಸಿ ಹಾಕಿಸುತ್ತಾರೆ, ಗಾಡಿ ನಿಲ್ಲಿಸಲು ಕಟ್ಟೆ ಒಡೆಯುತ್ತಾರೆ, ತುಳಸಿಯನ್ನು ಕುಂಡದಲ್ಲಿಟ್ಟು ಮೇಲೆ ಸಾಗಿಸುತ್ತಾರೆ. ಅವರು ಲೈಟು ಹಾಕಿದ ಪ್ರತಿ ಮನೆಯಲ್ಲೂ ಯಾರದೋ ಮಗಳು ಮಣೆ ಮೇಲೆ ನಿಂತಿರಬಹುದು.

ಬಿಡುವಾದಾಗಲೆಲ್ಲ ನಾನು ಸ್ಕೂಟರಿನಲ್ಲಿ ಅವರನ್ನು ಕೂಡಿಸಿಕೊಂಡು ತಿರುಗಿಸಿದೆ. ಅಕ್ಕಲಕೋಟೆಯ ಓಣಿಗಳು, ಸೊಲ್ಲಾಪುರದ ಗಿರಣಿ ಚಾಳುಗಳ ಹಿಂದಿನ ಮನೆಗಳು. ಮನೆಗಳ ಪಟ್ಟಿ ಬರೆದುಕೊಳ್ಳೋಣ ಎಂದರೆ ಬೇಡವೆಂದರು. ಓಣಿ ಹಿಡಿದು ಹೋದರೆ ಮನೆ ತಾನೇ ನೆನಪಾಗುತ್ತದಂತೆ, ಹಾಗೆಯೇ ಆಯಿತು. ಕದ ಬಡಿದು ಒಳಗೆ ಹೋಗಿ, ನೀರು ಚಹಾ ಯಾವುದೂ ಬೇಡ, ತುಳಸಿ ಎಲ್ಲಿದೆ ತೋರಿಸಿ ಎನ್ನುವರು. ಮಣ್ಣಿಗೆ ಹಿಂಗೈ ತಾಗಿಸಿ ತೇವ ನೋಡುವರು. ವಯಸ್ಸಾದ ಮೇಲೆ ಮಾಮಾಗೆ ಭಕ್ತಿ ಬಂದಿದೆ ಎಂದು ಓಣಿಯವರು ನಗಾಡಿದರು. ಒಂದು ಮನೆಯ ಸೊಸೆಗೆ ಸಿಟ್ಟೇ ಬಂತು.

"ನಮ್ಮ ತುಳಸಿ ನಾವು ಎಲ್ಲಿ ಬೇಕಲ್ಲಿ ಇಡ್ತೀವಿ. ನಿಮಗೇನ್ರಿ ಅಜ್ಜಾರ ಉಸಾಬರಿ?"

"ತುಳಸಿ ನಿಮ್ಮದವ್ವ. ಅದರ ಬುಡಕ್ಕಿದ್ದದ್ದು ನಂದು," ಎಂದು ಮಾವ ಮೆಲ್ಲಗೆ ಎಲ್ಲ ಬಿಡಿಸಿ ಹೇಳಿದರು. ಅವಳು ಒಳಗೆ ಹೋಗಿ ನೀರಿನ ತಂಬಿಗೆ ತಂದಳು.

ಒಂದು ಮುಸಲ್ಮಾನರ ಮನೆಗೂ ಹೋದೆವು. ಅಲ್ಲಿ ತುಳಸಿ ಎಲ್ಲಿಂದ ಬರಬೇಕು, ನಮಾಜಿಗೆ ಮೊದಲು ಕೈಕಾಲು ತೊಳೆಯುವ ನಳದ ಕೆಳಗೆ ಹೂತಿದ್ದರಂತೆ. ಮನೆಯ ಹಿರಿಯನೆಂದರೆ ಮಾವನ ಗಿರಣಿಯ ಗೆಳೆಯ. ಸಂಗತಿ ತಿಳಿದು ಹೊಟ್ಟೆ ಹಿಡಿದು ನಕ್ಕ.

"ನಿಮ್ಮವು ದಿನಕ್ಕ ಒಂದ ತಂಬಗಿ ಕುಡೀತಾವಲೇ. ನಂದು ಐದು ಹೊತ್ತು. ಯಾರದು ಪಕ್ಕಾ ಹೇಳು?"

ಎಲ್ಲಿ ಕಟ್ಟೆ ಹೋಗಿತ್ತೋ ಅಲ್ಲಿ ಮ್ಯಾಡಂ ಫೋನು ನಂಬರು ಕೊಟ್ಟು ಬರುತ್ತಿದ್ದೆವು. ಕೆಲವರು ಕರೆಸಿದರು, ಕೆಲವರು ಕರೆಸಲಿಲ್ಲ. ಕರೆಸದ ಮನೆಗಳಿಗೆ ಮಾವ ಎರಡನೆಯ ಸಲ ಹೋಗುವರು. ಅವಮಾನ ಎನಿಸುವುದಿಲ್ಲವೇ ಎಂದು ಕೇಳಿದ್ದಕ್ಕೆ, ನೀವು ಬಸ್‌ಸ್ಟ್ಯಾಂಡಿನಲ್ಲಿ ಒಬ್ಬನಿಗೆ ಎಷ್ಟು ಸಲ ಟವೆಲ್ ತೋರಿಸುತ್ತಿದ್ದಿರಿ ಎಂದು ನನ್ನನ್ನೇ ಕೇಳಿದರು.

ಚಳಿಗಾಲದಲ್ಲಿ ಅವರ ಎದೆ ಕಟ್ಟಿತು. ಸೊಲ್ಲಾಪುರಕ್ಕೆ ಕರೆತಂದೆವು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಏಳಲಿಲ್ಲ. ಅಂಗಳ ಕಾಣುವ ಕಿಟಕಿಯ ಬಳಿ ಮಂಚ ಹಾಕಿದೆವು. ಬೆಳಿಗ್ಗೆ ಮಗಳು ತುಳಸಿಗೆ ನೀರು ಹಾಕುವ ಸಪ್ಪಳವಾದರೆ ಕಣ್ಣು ತೆರೆಯುತ್ತಿದ್ದರು. ತೀರಿಕೊಳ್ಳುವ ಹಿಂದಿನ ದಿನ ನನ್ನನ್ನು ಕರೆದರು. ಮಂಚದ ಮೇಲೆ ಕೈ ಚಾಚಿದರು. ನಾನು ಹಿಂಗೈ ತಾಗುತ್ತದೆಂದು ಕೈ ಮುಂದಿಟ್ಟೆ. ಅವರು ನೇರ ಅಂಗೈಯಿಂದಲೇ ಹಿಡಿದರು, ಮೊದಲು ಮುಟ್ಟಿ ನೋಡದೆ. ಬೆರಳು ನನ್ನ ಕೈಯನ್ನು ಬಿಗಿಯಾಗಿ ಸುತ್ತಿಕೊಂಡವು. ನಾನೂ ಬಿಡಿಸಿಕೊಳ್ಳಲಿಲ್ಲ.

"ಎರಡು ಮನಿ ಉಳದಾವ ಅಳ್ಯಾರ," ಎಂದರು.

ಆ ಎರಡು ಮನೆಗಳಿಗೆ ಅವರ ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ, ಅವರು ಹೇಳಿದ್ದ ಓಣಿಯ ಗುರುತು ಹಿಡಿದು, ನಾನೇ ಹೋಗಿ ಬಂದೆ. ಅಲ್ಲಿಗೆ ಮುಗಿಯುವುದೂ ಇಲ್ಲ ಎಂದು ಈಗ ತಿಳಿದಿದೆ. ನನಗೆ ವೈರಿಂಗು ಬಾರದು, ಲೈಸೆನ್ಸಂತೂ ಇಲ್ಲ, ಟವೆಲ್ ಮಾರುವವನು. ಆದರೂ ಅಕ್ಕಲಕೋಟೆಯಿಂದ ಫೋನು ಬರುತ್ತದೆ. ಮೊನ್ನೆ ಮಾತಾಡಿದವಳು, ಉಸಾಬರಿ ಏಕೆ ಎಂದು ಮಾವನನ್ನು ಕೇಳಿದ್ದ ಅದೇ ಸೊಸೆ. ಮೈದುನ ಕಾರು ತಗೊಂಡಿದ್ದಾನಂತೆ, ಅಂಗಳದಲ್ಲಿ ನಿಲ್ಲಿಸಲು ಜಾಗ ಸಾಲದಂತೆ.

"ಕಟ್ಟಿ ಸ್ವಲ್ಪ ಸರಸಬೇಕಂತಾರ್ರಿ. ಗೌಂಡ್ಯಾ ಹಾರಿ ಹಿಡ್ಕೊಂಡು ಬಂದು ನಿಂತಾನ. ಅಜ್ಜಾರ ಇಲ್ಲ, ಯಾರನ್ನ ಕೇಳೂದು ಅಂತ ನಿಮಗ ಹಚ್ಚಿದೆ. ಒಂದ ಮೊಳ ಅಷ್ಟ. ಸರಸಲಿ?"

ಅಂಗಡಿಯಲ್ಲಿ ಗಿರಾಕಿ ಬೆಲೆ ಕೇಳುತ್ತ ನಿಂತಿದ್ದ. ಒಂದು ಮೊಳವಾದರೆ ಏನಾಗುವುದಿಲ್ಲ, ಸರಿಸಿ ಎಂದು ಕೂತಲ್ಲೇ ಹೇಳಿ ಮುಗಿಸಬಹುದಿತ್ತು.

"ಗೌಂಡ್ಯಾಗ ಚಾ ಕೊಟ್ಟು ಕೂಡಸ್ರಿ," ಎಂದೆ. "ಮ್ಯಾಡಂಗ ಫೋನ್ ಹಚ್ಚತೀನಿ. ನಾವು ಬಂದು ನೋಡೂ ತನಕ ಏನೂ ಮುಟ್ಟಬ್ಯಾಡ್ರಿ."